ಏನೂ ಕೇಳದೆ ಬಂದು ಕೂರುವ ನಾಯಿ

ರೋಗಿಗಳ ಜೊತೆ ಸ್ವಲ್ಪ ಹೊತ್ತು ಇರಲಿ ಅಂತ ಆಸ್ಪತ್ರೆಗೆ ಕರೆದೊಯ್ಯುವ ನಾಯಿಗೂ ಒಂದು ಪರೀಕ್ಷೆ ಇರುತ್ತದೆ. ನಾಯಿ ತನ್ನ ಪಾಡಿಗೆ ನಿಂತಿರುವಾಗ ಹಿಂದಿನಿಂದ ಯಾರೋ ಒಂದು ತಟ್ಟೆಯನ್ನೋ ಊರುಗೋಲನ್ನೋ ಧಡಾರನೆ ಬೀಳಿಸುತ್ತಾರೆ. ಬೆಚ್ಚಿದರೆ ತಪ್ಪಿಲ್ಲ. ಆದರೆ ಬೊಗಳಬಾರದು, ಓಡಬಾರದು, ಕೂಡಲೇ ಸುಧಾರಿಸಿಕೊಳ್ಳಬೇಕು. ಆಮೇಲೆ ಗುರುತಿಲ್ಲದ ಒಬ್ಬರು ಬಂದು ಕಿವಿ ಹಿಡಿದು ನೋಡುತ್ತಾರೆ, ಪಾದ ಎತ್ತುತ್ತಾರೆ, ಬಾಲದುದ್ದಕ್ಕೂ ಕೈಯಾಡಿಸುತ್ತಾರೆ. ಬಿಸ್ಕತ್ತು ಕೊಟ್ಟರೆ ಕೈಗೆ ಹಲ್ಲು ತಾಗದ ಹಾಗೆ ತಿನ್ನಬೇಕು. ಯಾರ ಮೈಮೇಲೂ ಹಾರಬಾರದು, ಹಗ್ಗ ಜಗ್ಗಬಾರದು. ಕೆಲವು ಸಂಸ್ಥೆಗಳಲ್ಲಿ ನೆಲದ ಮೇಲೆ ತಿಂಡಿ ಇಟ್ಟು, ‘ಬೇಡ’ ಅಂದರೆ ಬಿಟ್ಟು ಮುಂದೆ ಹೋಗುತ್ತದಾ ಅಂತಲೂ ನೋಡುತ್ತಾರೆ. ವಾರ್ಡಿನ ನೆಲದಲ್ಲಿ ಯಾರದೋ ಬಿಪಿ ಮಾತ್ರೆ ಬಿದ್ದಿರಬಹುದು, ಅದಕ್ಕೆ.

ಇಷ್ಟೆಲ್ಲ ಪಾಸಾದ ಮೇಲೆ ನಾಯಿಗೆ ಅಲ್ಲಿ ಇರುವ ಕೆಲಸ ಏನು ಗೊತ್ತಾ? ಹೋಗಿ ಕೂರೋದು. ಅಷ್ಟೇ.

ನಾನು ನರ್ಸ್. ಹಾಸನದಲ್ಲಿ ಓದಿದೆ, ಬೆಂಗಳೂರಿನಲ್ಲಿ ಕೆಲಸ ಕಲಿತೆ, ಈಗ ಇಂಗ್ಲೆಂಡಿನ ಉತ್ತರಕ್ಕಿರುವ ಒಂದು ಸಣ್ಣ ಊರಿನ ಕೇರ್ ಹೋಮಿನಲ್ಲಿದ್ದೇನೆ. ಇಲ್ಲಿರುವವರಲ್ಲಿ ಹೆಚ್ಚಿನವರಿಗೆ ಎಂಬತ್ತು ದಾಟಿದೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮರೆವಿನ ಕಾಯಿಲೆ. ಬುಧವಾರ ಮಧ್ಯಾಹ್ನ ಟೀ ಟ್ರಾಲಿ ಬರುವ ಹೊತ್ತಿಗೆ ಸರಿಯಾಗಿ ಒಂದು ಕರಿ ಲ್ಯಾಬ್ರಡಾರ್ ಬರುತ್ತದೆ. ಜೊತೆಗೆ ಅದರ ಒಡತಿ, ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಹೆಂಗಸು. ಸಂಬಳ ಇಲ್ಲ, ಸುಮ್ನೆ ಬರುತ್ತಾರೆ. ನಾಯಿಯ ಹೆಸರು ಇಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಅದು ‘ಬುಧವಾರದ ನಾಯಿ’. ಮಂಗಳವಾರ ಕೂಡ ‘ಇವತ್ತು ಬುಧವಾರವಾ?’ ಅಂತ ಕೇಳುವವರಿದ್ದಾರೆ. ದಿನ ಯಾವುದು, ವರ್ಷ ಯಾವುದು ಅಂತ ಮರೆತವರು ಇದನ್ನೊಂದು ಕೇಳುತ್ತಾರೆ.

ನಾನು ಮಲೆನಾಡಿನ ಅಂಚಿನಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ನಾಯಿ ಇಲ್ಲದ ಕಾಲವೇ ಇರಲಿಲ್ಲ. ಆದರೆ ಅದರ ಜಾಗ ಅಂಗಳ. ಜಗಲಿ ಹತ್ತಿದರೆ ಅಜ್ಜಿ ‘ಹಚಾ’ ಅನ್ನುತ್ತಿದ್ದರು. ಅಂಥ ನನಗೆ, ಇಲ್ಲಿ ಮಲಗಿರುವ ಒಬ್ಬ ಅಜ್ಜಿಯ ಹೊದಿಕೆಯ ಮೇಲೆ ನಾಯಿ ಗದ್ದ ಊರಿದ್ದು ನೋಡಿದಾಗ ಮೊದಲು ಬಂದ ಯೋಚನೆ, ಈ ಬೆಡ್‌ಶೀಟ್ ಯಾರು ಬದಲಾಯಿಸಬೇಕು ಅನ್ನೋದು. ನಾನೇ ಬದಲಾಯಿಸಬೇಕಿತ್ತು, ಅದು ಬೇರೆ ಮಾತು.

ಒಂದು ವಿಷಯ ಗಮನಿಸಿ. ಕಾಯಿಲೆ ಬಿದ್ದವರ ಹತ್ತಿರ ಬರುವ ಪ್ರತಿಯೊಬ್ಬರೂ ಏನಾದರೂ ಕೇಳಲಿಕ್ಕೋ ಮಾಡಲಿಕ್ಕೋ ಬರುತ್ತಾರೆ. ನೋವು ಎಷ್ಟಿದೆ, ಹತ್ತಕ್ಕೆ ಎಷ್ಟು? ಬೆಳಗ್ಗೆ ಮೋಷನ್ ಆಯ್ತಾ? ಮಾತ್ರೆ ನುಂಗಿದ್ರಾ? ಕೈ ಚಾಚಿ, ರಕ್ತ ತೆಗೀಬೇಕು. ಈ ಕಡೆ ತಿರುಗಿ. ನೆಂಟರು ಬಂದರೆ ಇನ್ನೂ ಕಷ್ಟ. ‘ನಾನು ಯಾರು ಹೇಳು ನೋಡೋಣ?’ ಅಂತ ಮರೆವಿನವರನ್ನು ಪರೀಕ್ಷೆ ಮಾಡುತ್ತಾರೆ. ಪಾಪ, ಪ್ರೀತಿಗೇ ಕೇಳೋದು. ಆದರೆ ಉತ್ತರ ಗೊತ್ತಿಲ್ಲದವರ ಮುಖ ಆ ಕ್ಷಣ ಹೇಗಾಗುತ್ತದೆ ಅಂತ ದಿನಾ ನೋಡುವವಳು ನಾನು. ನಾಯಿ ಏನೂ ಕೇಳುವುದಿಲ್ಲ. ತನ್ನ ಹೆಸರು ಗೊತ್ತಾ ಅಂತಲೂ ಕೇಳುವುದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆರೈಕೆ ಮಾಡಿಸಿಕೊಂಡು ಮಾಡಿಸಿಕೊಂಡು ಸುಸ್ತಾದವರಿಗೆ, ತಾವೇ ಇನ್ನೊಂದು ಜೀವದ ಆರೈಕೆ ಮಾಡುವ ಅವಕಾಶ ಅದರಿಂದ ಸಿಗುತ್ತದೆ. ನಾಯಿ ಸಮಾಧಾನ ಕೊಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ನೋಡಿದ್ದು ಹೆಚ್ಚು ಕಡಿಮೆ ಉಲ್ಟಾ. ಅದು ಬಂದು ತನ್ನ ಮೈ ಒಡ್ಡುತ್ತದೆ, ಕೊಡುವವರು ಇವರು.

ನಮ್ಮಲ್ಲಿ ಒಬ್ಬ ತಾತ ಇದ್ದರು. ಹೆಸರು ಬರೆಯುವುದಿಲ್ಲ, ಬರೆಯಲೂಬಾರದು. ಯಾರ್ಕ್‌ಶೈರ್ ಗುಡ್ಡಗಳಲ್ಲಿ ಜೀವಮಾನವಿಡೀ ಕುರಿ ಸಾಕಿದವರು. ನಾನು ಬರುವ ಹೊತ್ತಿಗೆ ಅವರ ಮಾತು ಬಹುಪಾಲು ನಿಂತಿತ್ತು. ಸ್ನಾನ ಮಾಡಿಸಲು ಹೋದರೆ ಕೈ ಬೀಸುತ್ತಿದ್ದರು. ಬುಧವಾರದ ನಾಯಿಯನ್ನು ಮೊದಲ ಸಲ ಅವರ ಕುರ್ಚಿಯ ಪಕ್ಕ ನಿಲ್ಲಿಸಿದಾಗ ಎಲ್ಲರ ಹಾಗೆ ತಲೆ ಸವರಲಿಲ್ಲ ಅವರು. ಕೆಳತುಟಿ ಎಳೆದು ಹಲ್ಲು ನೋಡಿದರು. ಕಿವಿ ಮಡಚಿ ಮೂಸಿದರು. ಹಿಂಗಾಲಿನ ಮೇಲಿಂದ ಕೆಳಗೆ ಹೆಬ್ಬೆರಳು ಒತ್ತುತ್ತಾ ಬಂದು, ಪಾದ ಎತ್ತಿ, ಒಡತಿಯ ಕಡೆ ನೋಡಿ ಸ್ಪಷ್ಟವಾಗಿ ಹೇಳಿದರು: ‘ಉಗುರು ಬೆಳೆದಿದೆ, ಕತ್ತರಿಸು.’ ಆ ಹೆಂಗಸು ‘ಆಯ್ತು ಸರ್’ ಅಂದರು. ಮುಂದಿನ ವಾರ ಕತ್ತರಿಸಿಕೊಂಡೇ ಬಂದರು. ತಾತನಿಗೆ ಹಳೆಯದು ಯಾವುದೂ ನೆನಪಿರಲಿಲ್ಲ. ಮತ್ತೆ ಹಲ್ಲು, ಕಿವಿ, ಕಾಲು ನೋಡಿ, ಪಾದ ಕೆಳಗಿಟ್ಟು ಒಮ್ಮೆ ತಲೆಯಾಡಿಸಿದರು. ಪಾಸ್.

ಒಂದು ದಿನ ಅವರು ನಾಲಿಗೆ ಮಡಚಿ ಸಿಳ್ಳೆ ಹೊಡೆದರು. ಕುರಿ ಕಾಯುವ ಕೋಲಿ ತಳಿಯ ನಾಯಿಗಳಿಗೆ ಎಡಕ್ಕೆ ಹೋಗು, ಬಲಕ್ಕೆ ಹೋಗು, ಮಲಗು ಅಂತ ಹೇಳುವ ಸಿಳ್ಳೆಗಳಿವೆ. ಗುಡ್ಡದ ಆ ತುದಿಗೂ ಕೇಳಿಸುವಂಥವು. ಇಡೀ ಲೌಂಜ್ ಬೆಚ್ಚಿತು. ನಮ್ಮ ಲ್ಯಾಬ್ರಡಾರ್‌ಗೆ ಕುರಿಯ ವಿದ್ಯೆ ಎಲ್ಲಿಂದ ಬರಬೇಕು? ಬಾಲ ಅಲ್ಲಾಡಿಸಿಕೊಂಡು ಅವರ ಮುಖ ನೋಡುತ್ತಾ ಕೂತಿತ್ತು. ‘ದಂಡ’ ಅನ್ನೋ ಅರ್ಥದ ಒಂದು ಯಾರ್ಕ್‌ಶೈರ್ ಬೈಗುಳ ಬೈದರು. ಅವತ್ತು ಸ್ನಾನಕ್ಕೆ ಕರೆದಾಗ ಕೈ ಬೀಸಲಿಲ್ಲ. ಪ್ರತಿ ಬುಧವಾರ ಹೀಗಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವು ಬುಧವಾರ ನಾಯಿಯನ್ನು ನೋಡಿಯೂ ನೋಡದ ಹಾಗೆ ಕೂತಿರುತ್ತಿದ್ದರು.

ಇದೆಲ್ಲ ಯಾರು ಶುರು ಮಾಡಿದರು ಅಂತ ಹುಡುಕುತ್ತಾ ಹೋದರೆ ಮೊದಲು ಸಿಗುವುದು ಒಂದು ಪುಟಾಣಿ ನಾಯಿ. ಎರಡನೇ ಮಹಾಯುದ್ಧ, 1944, ನ್ಯೂಗಿನಿ ದ್ವೀಪ. ಕಾಡಿನಲ್ಲಿ ಸೈನಿಕರು ಅಡಗಲು ತೋಡಿದ್ದ ಗುಂಡಿಯಲ್ಲಿ ಒಂದು ಯಾರ್ಕ್‌ಶೈರ್ ಟೆರಿಯರ್ ಸಿಕ್ಕಿತು. ಎರಡು ಕಿಲೋ ಕೂಡ ತೂಗದ ಹೆಣ್ಣು ನಾಯಿ. ಅಮೆರಿಕದ ಸೈನಿಕ ಬಿಲ್ ವಿನ್ ಅದನ್ನು ಎರಡು ಆಸ್ಟ್ರೇಲಿಯನ್ ಪೌಂಡ್ ಕೊಟ್ಟು ಕೊಂಡರು. ಸ್ಮೋಕಿ ಅಂತ ಕರೆದರು. ಆಮೇಲೆ ಅವರಿಗೆ ಡೆಂಗಿ ಜ್ವರ ಬಂದು ಸೇನಾ ಆಸ್ಪತ್ರೆ ಸೇರಿದರು. ಗೆಳೆಯರು ನಾಯಿಯನ್ನು ನೋಡಿಸಲು ತಂದರು. ನರ್ಸ್‌ಗಳು ನೋಡಿ, ಬಿಯಾಕ್ ದ್ವೀಪದ ಕಾಳಗದಲ್ಲಿ ಗಾಯಗೊಂಡು ಬಂದವರಿಗೂ ತೋರಿಸೋಣ ಅಂತ ಎತ್ತಿಕೊಂಡು ಹೋದರು. ಅಲ್ಲಿನ ಮುಖ್ಯಸ್ಥ ಡಾ. ಚಾರ್ಲ್ಸ್ ಮೇಯೊ, ಹೆಸರಾಂತ ಮೇಯೊ ಕ್ಲಿನಿಕ್‌ನ ಮನೆತನದವರು. ಅವರು ಬೇಡ ಅನ್ನಲಿಲ್ಲ. ಹಗಲು ನರ್ಸ್‌ಗಳ ಜೊತೆ ವಾರ್ಡ್ ಸುತ್ತು, ರಾತ್ರಿ ವಿನ್ ಹಾಸಿಗೆಯಲ್ಲಿ ನಿದ್ದೆ. ಐದು ರಾತ್ರಿ ಹೀಗೆ ನಡೆಯಿತು. ಸ್ಮೋಕಿಯದು ಇನ್ನೊಂದು ಸಾಹಸವೂ ಇದೆ. ಫಿಲಿಪ್ಪೀನ್ಸ್‌ನಲ್ಲಿ ವಿಮಾನ ಇಳಿಯುವ ಪಟ್ಟಿಯ ಕೆಳಗಿನ 70 ಅಡಿ ಉದ್ದದ ಕಿರಿದಾದ ಕೊಳವೆಯೊಳಗೆ ತೂರಿ ಟೆಲಿಗ್ರಾಫ್ ತಂತಿ ಎಳೆದು ಕೊಟ್ಟಿತು. ಸೇನೆಯವರು ಹೆಮ್ಮೆಯಿಂದ ಹೇಳುವುದು ಆ ಕೊಳವೆಯ ಕತೆಯನ್ನೇ. ನನಗೆ ಇಷ್ಟವಾಗುವುದು ಎತ್ತಿಕೊಂಡು ಹೋದ ನರ್ಸ್‌ಗಳು. ನಿಯಮದಲ್ಲಿ ಇಲ್ಲದ ಕೆಲಸ ಅದು. ಯಾರನ್ನೂ ಕೇಳದೆ ಮೊದಲು ಮಾಡಿ, ಆಮೇಲೆ ದೊಡ್ಡವರ ಒಪ್ಪಿಗೆ ಪಡೆದಿರಬೇಕು ಅಂತ ನನ್ನ ಅನುಮಾನ. ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಇನ್ನೂ ಹಿಂದೆಯೇ, 1860ರ ಸುಮಾರಿಗೇ ಬರೆದಿದ್ದರು, ಬಹುಕಾಲ ಹಾಸಿಗೆ ಹಿಡಿದವರಿಗೆ ಒಂದು ಸಣ್ಣ ಸಾಕುಪ್ರಾಣಿ ಒಳ್ಳೆಯ ಜೊತೆ ಅಂತ. ನರ್ಸಿಂಗ್ ಕಾಲೇಜಿನಲ್ಲಿ ನಮಗೆ ಅವರ ಹೆಸರಲ್ಲಿ ದೀಪ ಹಿಡಿಸಿ ಪ್ರತಿಜ್ಞೆ ಮಾಡಿಸಿದರು. ಅವರು ಒಂದು ಗೂಬೆ ಸಾಕಿ, ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಹಾಸ್ಟೆಲ್ಲಿನ ಅರ್ಧ ಹುಡುಗಿಯರು ಅಪಶಕುನ ಅಂತ ದೀಪ ಆರಿಸಿ ಬಿಡುತ್ತಿದ್ದರೋ ಏನೋ.

ವೈದ್ಯರ ಲೋಕಕ್ಕೆ ಈ ವಿಷಯ ಮುಟ್ಟಿಸಿದವರಲ್ಲಿ ಮುಖ್ಯರು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್. ಯಾರ ಜೊತೆಗೂ ಬೆರೆಯದ ಒಬ್ಬ ಹುಡುಗನನ್ನು ಅವನ ತಂದೆತಾಯಿ ಹೇಳಿದ ಹೊತ್ತಿಗಿಂತ ಮುಂಚೆಯೇ ಕರೆದುಕೊಂಡು ಬಂದರು. ಲೆವಿನ್ಸನ್ ಅವರ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು. ಹುಡುಗ ಅದನ್ನು ತಬ್ಬಿಕೊಂಡ. ಡಾಕ್ಟರಿಗಾಗಿ ಅಲ್ಲ, ನಾಯಿಗಾಗಿ ಮತ್ತೆ ಬಂದ. 1961ರಲ್ಲಿ ಮನಶ್ಶಾಸ್ತ್ರಜ್ಞರ ಸಭೆಯಲ್ಲಿ ಇದನ್ನು ಹೇಳಿದಾಗ ಕೆಲವರು ನಕ್ಕರು. ಆಮೇಲೆ ಅಮೆರಿಕದಲ್ಲಿ ನರ್ಸ್ ಒಬ್ಬರು, ಎಲೇನ್ ಸ್ಮಿತ್, 1976ರಲ್ಲಿ ನ್ಯೂಜೆರ್ಸಿಯಲ್ಲಿ ಸಂಸ್ಥೆಯನ್ನೇ ಕಟ್ಟಿದರು. ಅವರಿಗೆ ಈ ಯೋಚನೆ ಹೊಳೆದದ್ದು ಇಂಗ್ಲೆಂಡಿನಲ್ಲಿ ಕೆಲಸ ಮಾಡುವಾಗ. ನಮ್ಮಲ್ಲಿಗೆ ಬರುವ ನಾಯಿಯನ್ನು ಕಳಿಸುವ ಪೆಟ್ಸ್ ಆ್ಯಸ್ ಥೆರಪಿ ಇಲ್ಲಿ 1983ರಲ್ಲಿ ಶುರುವಾಯಿತು.

ಸರಿ, ಇದರಿಂದ ನಿಜಕ್ಕೂ ಏನಾದರೂ ಆಗುತ್ತಾ? ನನ್ನೊಳಗಿನ ನರ್ಸ್ ಕೇಳಲೇಬೇಕಲ್ಲ. ಖುಷಿಯಾಗುತ್ತದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ಆದರೆ ಖುಷಿ ಆಗೋದು ನಾಯಿಯಿಂದಲೋ, ಅದರ ಜೊತೆ ಬಂದು ಹತ್ತು ನಿಮಿಷ ಕೂರುವ ಮನುಷ್ಯನಿಂದಲೋ? ಲಾಸ್ ಏಂಜಲೀಸಿನ ಯುಸಿಎಲ್‌ಎ ಆಸ್ಪತ್ರೆಯಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನೋಡಿದರು. ಹೃದಯ ವೈಫಲ್ಯದಿಂದ ದಾಖಲಾಗಿದ್ದ 76 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಾಯಿ ಮತ್ತು ಸ್ವಯಂಸೇವಕರು, 12 ನಿಮಿಷ. ಇನ್ನೊಂದಕ್ಕೆ ಸ್ವಯಂಸೇವಕರು ಮಾತ್ರ. ಮೂರನೆಯದಕ್ಕೆ ಯಾರೂ ಇಲ್ಲ. ನಾಯಿ ಬಂದವರಲ್ಲಿ ಆತಂಕ 24% ಕಡಿಮೆಯಾಯಿತು, ಮನುಷ್ಯರು ಮಾತ್ರ ಬಂದವರಲ್ಲಿ 10%. ಶ್ವಾಸಕೋಶದ ರಕ್ತನಾಳದ ಒತ್ತಡವೂ ಇಳಿದಿತ್ತು. 2007ರಲ್ಲಿ ಪ್ರಕಟವಾದ ಅಧ್ಯಯನ ಇದು. ಇದಕ್ಕೂ ಮುಂಚೆ 2003ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ನಾಯಿ ಸವರುವಾಗ, ಒಲವು-ನಂಟಿನ ಭಾವಕ್ಕೆ ಸಂಬಂಧಿಸಿದ ಆಕ್ಸಿಟೋಸಿನ್ ಹಾರ್ಮೋನು ಏರುವುದನ್ನು ಅಳೆದಿದ್ದರು. ಮನುಷ್ಯರಲ್ಲಿ ಮಾತ್ರ ಅಲ್ಲ, ನಾಯಿಯಲ್ಲೂ.

ಇವೆಲ್ಲ ಸಣ್ಣ ಅಧ್ಯಯನಗಳು. ಮಾತ್ರೆಯಾದರೆ ಯಾರಿಗೆ ನಿಜವಾದದ್ದು ಕೊಟ್ಟೆವು, ಯಾರಿಗೆ ಬರೀ ಸಕ್ಕರೆ ಕೊಟ್ಟೆವು ಅಂತ ಮುಚ್ಚಿಡಬಹುದು. ಕಾಲ ಬಳಿ ನಾಯಿ ಕೂತಿದೆಯೋ ಇಲ್ಲವೋ ಅಂತ ರೋಗಿಯಿಂದ ಮುಚ್ಚಿಡುವುದು ಹೇಗೆ? ಹಾಗಾಗಿ ನಾಯಿಯಿಂದ ಕಾಯಿಲೆ ವಾಸಿ ಅಂತ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ನನ್ನ ಮಟ್ಟಿಗೆ ಇದಕ್ಕೆ ‘ಥೆರಪಿ’ ಅನ್ನುವ ದೊಡ್ಡ ಹೆಸರೂ ಬೇಕಿರಲಿಲ್ಲ. ಮಧ್ಯಾಹ್ನ ಚೆನ್ನಾಗಿ ಕಳೆಯಿತು ಅನ್ನೋದು ತೊಂಬತ್ತರ ವಯಸ್ಸಿನಲ್ಲಿ ಸಣ್ಣ ಮಾತಲ್ಲ.

ಅಪಾಯಗಳೂ ಇವೆ, ಅದನ್ನು ಮುಚ್ಚಬಾರದು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸೋಂಕು ದಾಟಿಸಲು ನಾಯಿಯ ಕೂದಲು ಸಾಕು. ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಆಸ್ಪತ್ರೆ ಸುತ್ತಿದ ನಾಯಿಗಳ ಮೈಮೇಲೂ ಸಿಕ್ಕಿದೆ. ಅದಕ್ಕೇ ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈಗೆ ಜೆಲ್. ತೆರೆದ ಗಾಯ ಇರುವವರ ಹತ್ತಿರ ಇಲ್ಲ. ಹಸಿ ಮಾಂಸ ತಿನ್ನುವ ನಾಯಿಗಳನ್ನು ಅನೇಕ ಸಂಸ್ಥೆಗಳು ಸೇರಿಸಿಕೊಳ್ಳುವುದೇ ಇಲ್ಲ. ಇಲ್ಲಿನ ನರ್ಸ್‌ಗಳ ಸಂಘಟನೆ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 2018ರಲ್ಲಿ ಆಸ್ಪತ್ರೆಗಳಿಗೆ ನಾಯಿ ತರುವುದು ಹೇಗೆ ಅಂತ ಮಾರ್ಗಸೂಚಿಯನ್ನೇ ಮಾಡಿತು. ನಾಯಿ ಕಂಡರೆ ಆಗದವರೂ ಇರುತ್ತಾರೆ. ಅಂಥವರ ಬಾಗಿಲು ಬುಧವಾರ ಮುಚ್ಚಿರುತ್ತದೆ. ‘ಒಂದ್ಸಲ ಮುಟ್ಟಿ ನೋಡಿ, ಏನೂ ಮಾಡಲ್ಲ’ ಅಂತ ಒತ್ತಾಯ ಮಾಡುವಂತಿಲ್ಲ. ನಾಯಿ ಪ್ರೀತಿಸುವವರಿಗೆ ಈ ಒಂದು ವಾಕ್ಯ ನುಂಗಿಕೊಳ್ಳೋದು ಮಹಾ ಕಷ್ಟ, ಅಲ್ವಾ?

ನಾಯಿಗೂ ದಣಿವಾಗುತ್ತದೆ. ನನಗೆ ಇದು ಗೊತ್ತಿರಲಿಲ್ಲ, ಒಡತಿ ತೋರಿಸಿಕೊಟ್ಟರು. ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುತ್ತದೆ. ಮುಖ ಆ ಕಡೆ ತಿರುಗಿಸುತ್ತದೆ. ನೋಡಿದವರು ‘ಎಷ್ಟು ಸಾಧು’ ಅನ್ನುತ್ತಾರೆ. ಅದು ನಿಜವಾಗಿ ‘ಸಾಕು’ ಅನ್ನುತ್ತಿರುತ್ತದೆ. ಹೆಚ್ಚೆಂದರೆ ಒಂದು ಗಂಟೆ. ಆಮೇಲೆ ಯಾರು ಎಷ್ಟೇ ಕರೆದರೂ ಒಡತಿ ಹಗ್ಗ ಹಿಡಿದು ಎದ್ದುಬಿಡುತ್ತಾರೆ. ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ ಕಾಲೆಳೆಯುವಾಗ ನನಗೆ ಆ ನಾಯಿಯ ಮೇಲೆ ಸಣ್ಣ ಹೊಟ್ಟೆಕಿಚ್ಚು.

ಇಷ್ಟು ಬರೆದ ಮೇಲೆ ನನ್ನನ್ನು ಕೊರೆಯುವ ಇನ್ನೊಂದು ವಿಷಯಕ್ಕೆ ಬರಬೇಕು. ಹೊಸದಾಗಿ ಸೇರಿದ್ದ ಒಬ್ಬ ಅಜ್ಜಿ ಬುಧವಾರದ ನಾಯಿಯನ್ನು ನೋಡಿದ ಕೂಡಲೇ ಅಳಲು ಶುರು ಮಾಡಿದರು. ಹೆದರಿಕೆಯಲ್ಲ. ಅವರದೇ ಒಂದು ನಾಯಿ ಇತ್ತು. ಮುದಿಯಾಗಿತ್ತು, ಕಣ್ಣು ಮಂಜಾಗಿತ್ತು. ಗಂಡ ಹೋದ ಮೇಲೆ ಅವರಿಬ್ಬರೇ ಮನೆಯಲ್ಲಿ ಇದ್ದದ್ದು. ಕೇರ್ ಹೋಮಿಗೆ ಬರುವಾಗ ಅದನ್ನು ಯಾರಿಗೋ ಕೊಟ್ಟು ಬರಬೇಕಾಯಿತು. ಎಷ್ಟೋ ಕಡೆ ಸಾಕುಪ್ರಾಣಿ ತರಲು ಬಿಡುವುದಿಲ್ಲ. ಮೊದಲು ಅವರ ನಾಯಿಯನ್ನು ಬಿಡಿಸುತ್ತೇವೆ. ಆಮೇಲೆ ಬೇಜಾರಾಗಿದ್ದಾರೆ ಅಂತ ವಾರಕ್ಕೊಂದು ಗಂಟೆ ಬೇರೆಯವರ ನಾಯಿಯನ್ನು ತರುತ್ತೇವೆ. ಫೋಟೋ ತೆಗೆದು ಗೋಡೆಗೆ ಹಾಕುತ್ತೇವೆ. ಇದರಲ್ಲಿ ಏನೋ ತಲೆಕೆಳಗಾಗಿದೆ ಅಂತ ಅನ್ನಿಸುವುದಿಲ್ಲವಾ? ಈ ದೇಶದಲ್ಲಿ ಸಿನಮನ್ ಟ್ರಸ್ಟ್ ಅಂತ ಒಂದು ಸಂಸ್ಥೆ 1985ರಿಂದ ವಯಸ್ಸಾದವರಿಂದ ಅವರ ಸಾಕುಪ್ರಾಣಿ ದೂರವಾಗದ ಹಾಗೆ ನೋಡಿಕೊಳ್ಳುವ ಕೆಲಸ ಮಾಡುತ್ತಿದೆ. ವಯಸ್ಸಾದವರು ನಾಯಿಯನ್ನು ಸುತ್ತಾಡಿಸಲು ಆಗದಿದ್ದರೆ ಸ್ವಯಂಸೇವಕರು ಬಂದು ಸುತ್ತಾಡಿಸುತ್ತಾರೆ. ಆಸ್ಪತ್ರೆ ಸೇರಿದರೆ ವಾಪಸ್ ಬರುವ ತನಕ ನೋಡಿಕೊಳ್ಳುತ್ತಾರೆ. ಪರೀಕ್ಷೆ ಪಾಸಾದ ನಾಯಿ ಬರುವುದಕ್ಕಿಂತ ಇದು ದೊಡ್ಡ ಸೇವೆ ಅಂತ ನನ್ನ ಲೆಕ್ಕ. ಆದರೆ ಇದರ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ.

ಆ ಅಜ್ಜಿ ಆಮೇಲೆ ಬುಧವಾರ ಬಂದರೆ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನಾವೂ ಕರೆಯಲಿಲ್ಲ.

ಊರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದರೆ ನಗುತ್ತಾರೆ. ನಗಲು ಕಾರಣ ಇದೆ. ನಮ್ಮಲ್ಲಿ ನಾಯಿಗೂ ಆಸ್ಪತ್ರೆಗೂ ಇರುವ ನಂಟು ಬೇರೆ ಥರದ್ದು. ನಾಯಿ ಕಚ್ಚಿ ಇಂಜೆಕ್ಷನ್ನಿಗೆ ಬಂದವರ ಸಾಲು ನೋಡಿಕೊಂಡೇ ನಾನು ಕೆಲಸ ಕಲಿತದ್ದು. ರೇಬಿಸ್ ಬಂದವರನ್ನು ಒಮ್ಮೆ ನೋಡಿದ ನರ್ಸ್ ಆಮೇಲೆ ಬೀದಿನಾಯಿಯ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಿ ಅಂತ ಹೇಳಿತು. ಅಂಥ ಹೊತ್ತಿನಲ್ಲಿ ಆಸ್ಪತ್ರೆಗೆ ನಾಯಿ ತನ್ನಿ ಅಂದರೆ ಯಾರು ಕೇಳುತ್ತಾರೆ? ಹಾಗಂತ ನಮ್ಮ ದೇಶದಲ್ಲಿ ಇದು ಇಲ್ಲವೇ ಇಲ್ಲ ಅಂತಲ್ಲ. ಹಾಂಗ್‌ಕಾಂಗಿನಲ್ಲಿ 1991ರಲ್ಲಿ ಶುರುವಾದ ‘ಡಾಕ್ಟರ್ ಡಾಗ್’ ಯೋಜನೆ ಚೆನ್ನೈಗೆ ಬಂದು, ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್ ಮೂಲಕ ಮಕ್ಕಳ ಹತ್ತಿರ ಹೋಯಿತು. ಮುಂಬೈನ ಅನಿಮಲ್ ಏಂಜಲ್ಸ್ ಫೌಂಡೇಶನ್ ವರ್ಷಗಳಿಂದ ಈ ಕೆಲಸದಲ್ಲಿದೆ. ನಗರಗಳಲ್ಲಿ ಇನ್ನೂ ಬೆಳೆಯಬಹುದು. ತಾಲ್ಲೂಕು ಆಸ್ಪತ್ರೆಗೆ ಬರಲಿ ಅಂತ ನಾನು ಸದ್ಯಕ್ಕೆ ಕೇಳುವುದಿಲ್ಲ. ಅಲ್ಲಿ ಒಂದು ಹಾಸಿಗೆಗೆ ಒಬ್ಬರೇ ರೋಗಿ ಅಂತಾದರೆ ಮೊದಲು ಸಾಕು.

ಆದರೆ ವೃದ್ಧಾಶ್ರಮಗಳ ಮಾತು ಬೇರೆ. ಅವು ಈಗ ನಮ್ಮ ಜಿಲ್ಲೆಗಳಲ್ಲೂ ಏಳುತ್ತಿವೆ. ಅಲ್ಲಿಗೆ ಹೋಗುವವರಲ್ಲಿ ಎಷ್ಟೋ ಜನ ಅಂಗಳದಲ್ಲಿ ಒಂದು ನಾಯಿ, ಕೊಟ್ಟಿಗೆಯಲ್ಲಿ ಒಂದು ಹಸು ಬಿಟ್ಟು ಹೋಗುವವರೇ.

ಸಕಲೇಶಪುರದ ಹತ್ತಿರ ನಮ್ಮ ದೊಡ್ಡಮ್ಮ ಒಬ್ಬರೇ ಇದ್ದಾರೆ. ಮಂಡಿ ನೋವು, ಶುಗರ್. ಮಕ್ಕಳು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಹಾಸನದಲ್ಲಿ ಒಳ್ಳೆಯ ಆಶ್ರಮ ನೋಡಿದ್ದೇವೆ ಅಂತ ಅಣ್ಣಂದಿರು ಹೇಳಿದಾಗ ಅವರು ಜಗಳ ಆಡಲಿಲ್ಲ. ‘ಕರಿಯನ್ನ ಏನ್ ಮಾಡ್ತೀರಪ್ಪಾ?’ ಅಂತ ಮಾತ್ರ ಕೇಳಿದರು. ‘ಪಕ್ಕದ ಮನೆಯವರು ಅನ್ನ ಹಾಕ್ತಾರೆ ಬಿಡಮ್ಮ’ ಅಂದರು ಅಣ್ಣ. ‘ಹಂಗಾದ್ರೆ ನಂಗೂ ಅವ್ರೇ ಹಾಕ್ಲಿ’ ಅಂದರು ದೊಡ್ಡಮ್ಮ. ಮಾತು ಅಲ್ಲಿಗೇ ನಿಂತಿತ್ತು.

ನಾನು ಇಲ್ಲಿಂದಲೇ ಹಾಸನದ ಆಶ್ರಮಗಳಿಗೆ ಫೋನ್ ಹಚ್ಚಿದೆ. ನಾಯಿ ಅಂದ ಕೂಡಲೇ ಕೆಲವರು ನಕ್ಕರು, ಕೆಲವರು ರಾಂಗ್ ನಂಬರ್ ಅಂದುಕೊಂಡರು. ಒಬ್ಬರು ಮಾತ್ರ ಸ್ವಲ್ಪ ಯೋಚನೆ ಮಾಡಿ, ‘ಇಂಜೆಕ್ಷನ್ ಎಲ್ಲ ಹಾಕಿಸಿದ್ದೀರಾ ಮೇಡಂ? ಹಂಗಿದ್ರೆ ಅಂಗಳದಲ್ಲಿ ಇರಬಹುದು. ಒಳಗೆ ಮಾತ್ರ ಬಿಡಲ್ಲ’ ಅಂದರು. ಆ ದಿನ ರಾತ್ರಿಯೇ ದೊಡ್ಡಮ್ಮನಿಗೆ ಹೇಳಿದೆ.

‘ಒಳಗೆ ಬಿಡಲ್ವಂತೆ ದೊಡ್ಡಮ್ಮ.’

‘ಇಲ್ಲೇನು ಅವನನ್ನ ಒಳಗೆ ಬಿಟ್ಕೊಂಡಿದೀನಾ ಕಣೇ?’ ಅಂದರು. ಆಮೇಲೆ, ಅಲ್ಲಿ ಊಟಕ್ಕೆ ಮುದ್ದೆ ಇರುತ್ತದಾ, ಬರೀ ಅನ್ನವಾ ಅಂತ ವಿಚಾರಿಸಿಕೋ ಅಂದರು. ಕರಿಯನಿಗೆ ಮುದ್ದೆಯೇ ಆಗಬೇಕಂತೆ.